ರೇಡಿಯೊ ಇರುವ ಕೂಲರ್ ಬಾಕ್ಸ್ ಬಂದ ಕೂಡಲೇ ಮುಚ್ಚಳ ತಟ್ಟಿ ನೋಡಿ

ನಿನ್ನೆ ರಾತ್ರಿ ಬಾಕ್ಸ್ ಮಾರಿದವರ ಕೊನೇ ಉತ್ತರ ಬಂತು. ಇನ್ನು ಸುಮ್ಮನಿರಲು ಆಗಲ್ಲ, ಬರೆದುಬಿಡುತ್ತೇನೆ.

ಪಿಕ್‌ನಿಕ್‌ಗೆ ಅಂತ ಆನ್‌ಲೈನ್‌ನಲ್ಲಿ ಒಂದು ಕೂಲರ್ ಬಾಕ್ಸ್ ತರಿಸಿದ್ದೆ. ಮುಚ್ಚಳದಲ್ಲೇ ಎಫ್‌ಎಂ ರೇಡಿಯೊ, ಸ್ಪೀಕರ್ ಎಲ್ಲಾ ಇತ್ತು. 'ಐಸ್ 24 ಗಂಟೆ ಕರಗಲ್ಲ, ರೇಡಿಯೊಗೆ ನೀರು ತಾಗಿದರೂ ಏನೂ ಆಗಲ್ಲ' ಅಂತ ದೊಡ್ಡದಾಗಿ ಬರೆದಿದ್ದರು. ನಂಬಿದೆ. ನಂಬಿದ್ದಷ್ಟೇ ಅಲ್ಲ, ಜೊತೆಗೆ ಹೊರಟಿದ್ದ ಎಲ್ಲರಿಗೂ 'ತಣ್ಣಗಿರಬೇಕಾದ್ದೆಲ್ಲ ನನಗೆ ಕೊಡಿ, ನನ್ನ ಹತ್ತಿರ ಬಾಕ್ಸ್ ಇದೆ' ಅಂತ ಹೇಳಿಕೊಂಡು ಬಂದಿದ್ದೆ.

ಬೆಳಿಗ್ಗೆ ಏಳಕ್ಕೆ ಐಸ್ ತುಂಬಿದ್ದು. ಮಧ್ಯಾಹ್ನ ಎರಡಕ್ಕೆ ಮುಚ್ಚಳ ತೆಗೆದರೆ ಬರೀ ನೀರು. ಹಾಲಿನ ಪ್ಯಾಕೆಟ್ ಮುಟ್ಟಿ ನೋಡಿದೆ, ತಂಪೇ ಇಲ್ಲ. ರೇಡಿಯೊ ಅಷ್ಟೊತ್ತಿಗೆ ಗೊರಗೊರ ಅಂದು ನಿಂತೇ ಹೋಗಿತ್ತು. ಆ ಹಾಲು ಒಂದು ಚಿಕ್ಕ ಮಗುವಿಗೆ ಅಂತ ಇಟ್ಟಿದ್ದು. ಅದರ ತಾಯಿ ಏನೂ ಅನ್ನಲಿಲ್ಲ, ಪ್ಯಾಕೆಟ್ ತೆಗೆದುಕೊಂಡು ಹೋಗಿ ಚೆಲ್ಲಿ ಬಂದರು. ಎರಡು ಮಾತು ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದು ಮುಚ್ಚಳ ತಟ್ಟಿದೆ. ಟೊಳ್ಳು ಸದ್ದು. ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗೆ ಶಾಖ ತಡೆಯುವ ಫೋಮ್ ಅನ್ನುವುದೇ ಇಲ್ಲ! ಒಂದು ಸ್ಪೀಕರ್, ಎರಡು ವೈರ್, ಬ್ಯಾಟರಿ, ಒಂದು ಹಸಿರು ಬೋರ್ಡ್, ಅದರ ಮೇಲೆ ಸಾಲಾಗಿ ನೀರಿನ ಹನಿ. ರೇಡಿಯೊ ಕೂರಿಸಲು ಜಾಗ ಬೇಕಲ್ವಾ, ಫೋಮ್ ತುಂಬಲೇ ಇಲ್ಲ. ಮೇಲಿನ ಬಿಸಿಲೆಲ್ಲ ಅಲ್ಲಿಂದಲೇ ಒಳಗೆ ಇಳಿದಿದೆ, ಹೊರಗಿನ ಬೆಚ್ಚಗಿನ ಗಾಳಿ ನುಗ್ಗಿ ತಣ್ಣಗಿನ ಬೋರ್ಡ್ ಮೇಲೆ ನೀರಾಗಿ ಕೂತಿದೆ.

ಇನ್ನು ಮಾರಿದವರ ಉತ್ತರ ಕೇಳಿ. 'ಮುಚ್ಚಳ ಎಷ್ಟು ಸಲ ತೆಗೆದ್ರಿ ಮೇಡಂ?' ಮೂರೋ ನಾಲ್ಕೋ ಸಲ ಅಂದೆ. 'ಜಾಸ್ತಿ ಆಯ್ತು ಮೇಡಂ.' ತೆಗೆಯದೆ ಒಳಗಿನದ್ದು ತಗೊಳ್ಳೋದು ಹೇಗೆ? ಬೋರ್ಡ್ ಫೋಟೋ ಕಳಿಸಿದೆ. 'ನೀರು ಹೋಗಿದೆ, ವಾರಂಟಿ ಬರಲ್ಲ.' ನೀರು ತಾಗಿದರೂ ಏನೂ ಆಗಲ್ಲ ಅಂತ ನೀವೇ ಬರೆದಿದ್ದೀರಲ್ಲ ಅಂದರೆ, 'ಅದು ನೀರು ತಡೆಯೋ ರೇಟಿಂಗ್, ಐಪಿಎಕ್ಸ್4, ಅಂದ್ರೆ ಹೊರಗಿಂದ ಚಿಮ್ಮೋ ನೀರಿಗೆ ಮಾತ್ರ ಮೇಡಂ, ನಿಮ್ಮದು ಒಳಗಿನ ನೀರು.' ಒಳಗಿನ ನೀರಂತೆ! ಐಸ್ ಇಡುವ ಡಬ್ಬದಲ್ಲಿ ನೀರು ಒಳಗಲ್ಲದೆ ಇನ್ನೆಲ್ಲಿರುತ್ತೆ? ಈ ಒಂದು ಸಾಲನ್ನು ಹತ್ತು ಸಲ ಓದಿದೆ, ಹತ್ತು ಸಲವೂ ಮೈ ಉರಿಯಿತು. ಕೊನೆಗೆ 'ಸ್ಕ್ರೂ ಬಿಚ್ಚಿದ್ದೀರಿ, ವಾಪಸ್ ತಗೊಳ್ಳಲ್ಲ.'

ಅದಕ್ಕೇ ಹೇಳುತ್ತಿದ್ದೇನೆ, ಬಾಕ್ಸ್ ಬಂದ ದಿನವೇ ಮುಚ್ಚಳ ತಟ್ಟಿ, ಟೊಳ್ಳಾಗಿದ್ದರೆ ಅವತ್ತೇ ವಾಪಸ್ ಕಳಿಸಿ. ಅಂಚಿನಲ್ಲಿ ರಬ್ಬರ್ ಇದೆಯಾ ನೋಡಿ. ಸ್ಕ್ರೂ ಮಾತ್ರ ಮುಟ್ಟಬೇಡಿ. ಹಾಡು ಬೇಕಿದ್ದರೆ ರೇಡಿಯೊ ಬೇರೆ ಒಯ್ಯಿರಿ.

ನಿನ್ನೆಯ ಉತ್ತರ ಏನು ಗೊತ್ತಾ? 'ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕೋ ಮಾಡೆಲ್ ತಗೊಳ್ಳಿ ಮೇಡಂ, ಡಿಸ್ಕೌಂಟ್ ಕೊಡ್ತೀವಿ, ಫ್ರಿಜ್ ಥರಾನೇ.' ಕಂಪ್ರೆಸರ್ ಇಲ್ಲದ ಅಂಥ ಬಾಕ್ಸ್ ಸಾಮಾನ್ಯವಾಗಿ ಹೊರಗಿಗಿಂತ 15-20 ಡಿಗ್ರಿ ಇಳಿಸುತ್ತೆ, ಅಷ್ಟೇ. ಹೊರಗೆ 38 ಇದ್ದರೆ ಒಳಗೆ 18ರಿಂದ 23, ಹಾಲಿಗೆ 5ರ ಒಳಗಿರಬೇಕು.

ಅವರಿಗೆ ಉತ್ತರ ಕೊಟ್ಟಿಲ್ಲ. ಆ ಮಗುವಿನ ತಾಯಿಗೆ ಫೋನ್ ಮಾಡಬೇಕು, ಇನ್ನೂ ಧೈರ್ಯ ಬಂದಿಲ್ಲ.