ಉಪ್ಪು ಕಾಗದವೋ, ಬೇರೆ ಉಪಾಯವೋ? ಮನೆಯಲ್ಲೇ ಮಾಡಿ ನೋಡಿದ್ದು

ಬಾಗಿಲಿಗೆ ಬಣ್ಣ ಹೊಡೆಸಿದ ಮೇಲೆ ಉಳಿದ ಉಪ್ಪು ಕಾಗದವನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲೂ 80, 150, 220, 400 ನಂಬರಿನ ಹಾಳೆಗಳು ಬಿದ್ದಿದ್ದವು. ಯೂಟ್ಯೂಬ್ ನಂಬಿದರೆ ಇದರಿಂದ ಆಗದ ಮನೆಗೆಲಸವೇ ಇಲ್ಲ. ಸರಿ, ನೋಡೇಬಿಡೋಣ ಅಂತ ಒಂದೊಂದನ್ನೂ ಹಳೇ ಉಪಾಯಗಳ ಜೊತೆ ಪಂದ್ಯಕ್ಕೆ ಬಿಟ್ಟೆ. ನಂಬರ್ ಕಡಿಮೆ ಇದ್ದಷ್ಟೂ ಕಾಗದ ಒರಟು, ಇದೊಂದು ನೆನಪಿರಲಿ.

ಉಪ್ಪಿನಕಾಯಿ ಬಾಟಲಿಯ ಬಿಗಿ ಮುಚ್ಚಳ ತೆಗೆಯುವುದರಲ್ಲಿ ಕಾಗದ ಸಲೀಸಾಗಿ ಗೆದ್ದಿತು. 150 ನಂಬರಿನ ತುಂಡನ್ನು ಒರಟು ಮುಖ ಕೆಳಗೆ ಮಾಡಿ ಮುಚ್ಚಳದ ಮೇಲಿಟ್ಟು ತಿರುಗಿಸಿದರೆ ಕೈ ಜಾರುವುದೇ ಇಲ್ಲ. ರಬ್ಬರ್ ಬ್ಯಾಂಡ್ ಸುತ್ತಿದರೂ ಆಗುತ್ತದೆ, ಆದರೆ ಕೈಗೆ ಎಣ್ಣೆ ಹತ್ತಿದ್ದರೆ ಅದೂ ಜಾರುತ್ತದೆ. ತಗಡಿನ ಮುಚ್ಚಳಕ್ಕೆ ಮಾತ್ರ ಬಿಸಿನೀರೇ ವಾಸಿ. ಗಾಜಿಗಿಂತ ತಗಡು ಜಾಸ್ತಿ ಹಿಗ್ಗಿ ಸಡಿಲವಾಗುತ್ತದೆ.

ಇನ್ನು ಮಿಕ್ಸಿ ಬ್ಲೇಡ್. ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತವಾಗುತ್ತದೆ ಎನ್ನುವವರು ಒಂದು ಕಡೆ, ಉಪ್ಪು ಕಾಗದ ಕತ್ತರಿಸಿ ಜಾರಿಗೆ ಹಾಕಿ ಎನ್ನುವವರು ಇನ್ನೊಂದು ಕಡೆ. ಕಲ್ಲುಪ್ಪು ಉಕ್ಕಿಗಿಂತ ಎಷ್ಟೋ ಮೆತ್ತಗೆ, ಅದು ಬ್ಲೇಡನ್ನು ಏನು ತಾನೇ ಮಸೆದೀತು? ಜಾರಿನ ಮೂಲೆಯಲ್ಲಿ ಕೂತ ಹಳೇ ಮಸಾಲೆ, ವಾಸನೆ ಹೋಯಿತು, ಅಷ್ಟೇ. ಕಾಗದದ ಪುಡಿಗೆ ಉಕ್ಕನ್ನು ಗೀರುವ ಶಕ್ತಿ ಇದೆ ನಿಜ. ಆದರೆ ಜಾರಿನೊಳಗೆ ಕಾಗದ ಚೂರಾಗಿ, ಅಂಟು ಬಿಟ್ಟು, ಬ್ಲೇಡಿನ ಬುಡದ ಬುಷ್ ಸುತ್ತ ಬೂದು ಬಣ್ಣದ ಗಸಿ ಕೂತಿತು. ಎಷ್ಟು ತೊಳೆದರೂ ಬೆರಳಿಗೆ ಗರಗರ. ಅದರಲ್ಲಿ ಚಟ್ನಿ ರುಬ್ಬುವ ಧೈರ್ಯ ಯಾರಿಗಿದೆ? ಗೆದ್ದವರು ಇಬ್ಬರೂ ಅಲ್ಲ, ಬೀದಿಯಲ್ಲಿ ಸೈಕಲ್ ಮೇಲೆ ಬಂದು ಸಾಣೆ ಹಿಡಿಯುವವನು. ಕತ್ತರಿಯ ವಿಷಯ ಬೇರೆ. ಕಾಗದ ಮಡಚಿ, ಒರಟು ಮುಖ ಹೊರಗೆ ಮಾಡಿ, ಅದನ್ನೇ ನಾಲ್ಕು ಸಲ ಕತ್ತರಿಸಿದರೆ ಮೊಂಡು ಕತ್ತರಿ ತಕ್ಕಮಟ್ಟಿಗೆ ದಾರಿಗೆ ಬರುತ್ತದೆ.

ಶುಂಠಿ ಸಿಪ್ಪೆ ಕೆರೆಯಲು ಉಪ್ಪು ಕಾಗದವಂತೆ! ಚಮಚದ ಅಂಚು ಸಾಕು ಮಾರಾಯ್ರೇ.

ಸ್ವೆಟರಿನ ಮೇಲೆ ಏಳುವ ಸಣ್ಣ ಸಣ್ಣ ಉಂಡೆಗಳಿಗೆ 220 ನಂಬರ್ ಹಿಡಿದು ಒಂದೇ ದಿಕ್ಕಿಗೆ ಉಜ್ಜಿದೆ. ಉಂಡೆ ಕಿತ್ತು ಬಂದವು, ಜೊತೆಗೆ ಹೊಸ ಎಳೆಗಳೂ ಎದ್ದವು. ಮುಂದಿನ ಉಂಡೆಗಳಿಗೆ ಅವೇ ಬೀಜ. ಗಡ್ಡದ ರೇಜರ್ ನೀಟಾಗಿ ಕತ್ತರಿಸುತ್ತದೆ, ಆದರೆ ಸ್ವಲ್ಪ ಒತ್ತಿದರೆ ತೂತು. ಆದರೂ ನನ್ನ ಓಟು ರೇಜರಿಗೇ. ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹರಡಿಕೊಳ್ಳಿ.

ಟಿವಿ ರಿಮೋಟಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದರೆ 400 ನಂಬರಿನ ಚೂರು ಕ್ಷಣದಲ್ಲಿ ಹೊಳಪು ತರುತ್ತದೆ. ಆದರೆ ಮೇಲಿನ ಲೇಪವನ್ನೂ ಎತ್ತಿಬಿಡುವುದರಿಂದ ತುಕ್ಕು ಮತ್ತೆ ಬೇಗ ಬರುತ್ತದೆ. ಹತ್ತಿಕಡ್ಡಿಗೆ ಒಂಚೂರು ವಿನೆಗರ್ ಹಚ್ಚಿ ಒರೆಸುವುದು ನಿಧಾನ, ಆದರೆ ಬಾಳಿಕೆ ಜಾಸ್ತಿ. ಇಸ್ತ್ರಿ ಪೆಟ್ಟಿಗೆಯ ತಳಕ್ಕಂತೂ ಕಾಗದ ತಾಗಿಸಲೇಬೇಡಿ, ಲೇಪ ಹೋದರೆ ಬಟ್ಟೆ ಅಂಟತೊಡಗುತ್ತದೆ.

ಇದಕ್ಕಿಂತ ವಿಚಿತ್ರವಾಗಿ ಯೋಚಿಸಿದವರೂ ಇದ್ದಾರೆ. ಅಮೆರಿಕದ ತ್ರೀಎಂ ಕಂಪನಿ 1921ರಲ್ಲಿ ನೀರು ಹಾಕಿ ಉಜ್ಜುವ ಉಪ್ಪು ಕಾಗದ ತಂದಿತು. ನಮ್ಮ ಪೇಂಟರುಗಳ ವಾಟರ್ ಪೇಪರ್ ಇದೇ ಜಾತಿಯದು. ಅದನ್ನು ಕಂಡುಹಿಡಿದ ಫ್ರಾನ್ಸಿಸ್ ಓಕಿ, ಗಂಡಸರು ಬ್ಲೇಡಿನ ಬದಲು ಉಪ್ಪು ಕಾಗದದಲ್ಲೇ ಗಡ್ಡ ಉಜ್ಜಿಕೊಳ್ಳಲಿ ಅಂತ ಸಲಹೆ ಕೊಟ್ಟಿದ್ದರು! ಗಡ್ಡದ ತಂಟೆಗೆ ನಾನು ಹೋಗಲಿಲ್ಲ, ಹಿಮ್ಮಡಿಗೆ ಹಚ್ಚಿ ನೋಡಿದೆ. ಒಣಗಿದ್ದಾಗ ಉಜ್ಜಿದರೆ ಬಿಸಿಯಾಗಿ ಉರಿಯುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತಲೂ ಗೊತ್ತಾಗುವುದಿಲ್ಲ. ಸ್ನಾನದ ಮನೆಯ ಉಜ್ಜುಗಲ್ಲೇ ಒಳ್ಳೇದು.

ಕೊನೆಗೆ ಚಪ್ಪಲಿ. ಹೊಸ ಚರ್ಮದ ಅಟ್ಟೆ ಟೈಲ್ಸ್ ಮೇಲೆ ಜಾರುತ್ತದೆ ಅಲ್ವಾ? ಅಜ್ಜಿ ಕಾಲದ ಉಪಾಯ ಸಿಮೆಂಟ್ ಮೆಟ್ಟಿಲಿಗೆ ತಿಕ್ಕುವುದು. ಆದರೆ ಅದರಲ್ಲಿ ಅಂಚು ಜಾಸ್ತಿ ಸವೆದು ನಡು ನುಣ್ಣಗೇ ಉಳಿಯುತ್ತದೆ. 80 ನಂಬರಿನ ಕಾಗದದಿಂದ ಅಡ್ಡಡ್ಡ ಗೀರಿದರೆ ಇಡೀ ಅಟ್ಟೆಗೆ ಸಮನಾಗಿ ಹಿಡಿತ ಬರುತ್ತದೆ. ಸವೆದುಹೋದ ಹವಾಯಿ ಚಪ್ಪಲಿಗೆ ಮಾತ್ರ ಎರಡೂ ದಂಡ, ಸುಮ್ನೆ ಹೊಸದು ತಗೊಳ್ಳಿ.