ಮುಟ್ಟು ನಿಂತಮೇಲೆ ಪದೇಪದೇ ಉರಿಮೂತ್ರ ಬರ್ತಿದ್ರೆ ದಯವಿಟ್ಟು ಓದಿ, ನಾನು ಮಾಡಿದ್ದು ನೀವು ಮಾಡ್ಬೇಡಿ

ಮೊನ್ನೆ ಒಬ್ರು ಕಸ್ಟಮರ್ ಬ್ಲೌಸ್ ಅಳತೆ ಕೊಡೋಕೆ ಬಂದಿದ್ರು, ಅರ್ಧ ಗಂಟೇಲಿ ಮೂರು ಸಲ ಬಾತ್‌ರೂಮಿಗೆ ಹೋದ್ರು. ಮೂರನೇ ಸಲ ಹೊರಗೆ ಬಂದಾಗ ಮುಖ ನೋಡಿದ್ರೇನೆ ಗೊತ್ತಾಗೋಯ್ತು, ಹಲ್ಲು ಕಚ್ಕೊಂಡಿರೋ ಆ ಮುಖ ಎರಡು ವರ್ಷ ನಂದೂ ಆಗಿತ್ತಲ್ಲ. ಕೇಳಿದ್ರೆ "ಏನಿಲ್ಲ ಅಕ್ಕ, ಹೀಟು" ಅಂತ ಪರ್ಸಿಂದ ಕತ್ತರಿಸಿರೋ ಸ್ಟ್ರಿಪ್ ತೆಗೆದು ಕುಡಿಯೋಕೆ ನೀರು ಕೇಳಿದ್ರು. ನಾನೂ ನುಂಗ್ತಿದ್ದ ಅದೇ ಆರು ಆಂಟಿಬಯೋಟಿಕ್ ಮಾತ್ರೆ. ಅವತ್ತೇ ಅನ್ಕೊಂಡೆ, ನಾಚಿಕೆ ಗೀಚಿಕೆ ಪಕ್ಕಕ್ಕಿಟ್ಟು ಇದನ್ನ ಬರೀಬೇಕು ಅಂತ.

ನಾನು ಚಿಂತಾಮಣಿಯವಳು, ಮನೇಲೇ ಟೈಲರಿಂಗ್, ವಯಸ್ಸು 58. ಮುಟ್ಟು ನಿಂತಿದ್ದು 51ಕ್ಕೆ, ಅಬ್ಬ ಇನ್ನು ಆರಾಮು ಅಂತ ಖುಷಿಪಟ್ಟಿದ್ದೆ. 54ರಲ್ಲಿ ಮೊದಲನೇ ಸಲ ಉರಿ ಶುರುವಾಯ್ತು. ನಮ್ಮೂರಲ್ಲಿ ಅರ್ಧ ಮನೆಗಳಲ್ಲಿ ತೆಲುಗು, ಪಕ್ಕದ್ಮನೆಯವರು "ಮಂಟ" ಅಂತಾರೆ, ಆ ಪದಾನೇ ಸರಿ, ಬೆಂಕಿನೇ ಅದು. ಬಾರ್ಲಿ ನೀರು, ಎಳನೀರು, ರಾತ್ರಿ ನೆನೆಸಿದ ಧನಿಯಾ ನೀರು ಎಲ್ಲ ಆಯ್ತು. ನಮ್ಮೆಜಮಾನ್ರು ತಪ್ಪನ್ನೆಲ್ಲ ಬೋರ್‌ವೆಲ್ ನೀರಿನ ಮೇಲೆ ಹಾಕಿ ಕ್ಯಾನ್ ನೀರು ತರಿಸೋಕೆ ಶುರು ಮಾಡಿದ್ರು. ನಮ್ ಕಡೆ ನೀರಲ್ಲಿ ಫ್ಲೋರೈಡ್ ಇರೋದು ನಿಜ, ಹಲ್ಲು ಮೂಳೆಗೆ ಕೆಟ್ಟದ್ದೂ ನಿಜ, ಆದ್ರೆ ನನ್ ಉರಿಗೂ ಅದಕ್ಕೂ ಏನೂ ಸಂಬಂಧ ಇರ್ಲಿಲ್ಲ.

ಆಮೇಲೆ ಮೆಡಿಕಲ್ ಶಾಪು. ಬೆಳಗ್ಗೆ ಒಂದು ಸಂಜೆ ಒಂದು, ಮೂರು ದಿನ, ಜೊತೆಗೆ ಮೂತ್ರದ ಹುಳಿ ಕಮ್ಮಿ ಮಾಡೋ ಒಂದು ಆಲ್ಕಲೈಜರ್ ಸಿರಪ್. ಚೀಟಿ ಕೇಳಲ್ಲ, ಬಿಲ್ ಕೊಡಲ್ಲ, ಕತ್ತರೀಲಿ ಸ್ಟ್ರಿಪ್ ಕಟ್ ಮಾಡೋವಾಗ ಹೆಸರೂ ಅರ್ಧ ಹೋಗಿರುತ್ತೆ. ಚೀಟಿ ಇಲ್ದೆ ಕೊಡಬಾರದು ಅಂತ ಹೇಳೋಕೇ ಆಂಟಿಬಯೋಟಿಕ್ ಸ್ಟ್ರಿಪ್ ಮೇಲೆ ಕೆಂಪು ಗೀಟು ಇರೋದಂತೆ, ನಾನು ಅದನ್ನ ಡಿಸೈನ್ ಅನ್ಕೊಂಡಿದ್ದೆ! ಎರಡನೇ ದಿನಕ್ಕೆ ಹಾಯ್ ಅನ್ನಿಸೋದು, ಆ ಹುಡುಗನ್ನ ಮನಸಲ್ಲೇ ಹರಸೋದು, ಒಂದೂವರೆ ತಿಂಗಳಿಗೆ ಮತ್ತೆ ಅದೇ ಅಂಗಡಿ ಮುಂದೆ ನಿಲ್ಲೋದು. ಎರಡು ವರ್ಷ ಹೀಗೇ ನಡೀತು. ಎಷ್ಟು ಸಲ ತಗೊಂಡೆ ಅಂತ ಲೆಕ್ಕಾನೂ ಇಲ್ಲ, ಹತ್ತಕ್ಕಂತೂ ಕಮ್ಮಿ ಇಲ್ಲ, ಒಂದ್ಸಲಾನೂ ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋ ಟೆಸ್ಟು) ಮಾಡಿಸ್ಲಿಲ್ಲ, ಯಾರೂ ಹೇಳ್ಲೂ ಇಲ್ಲ. ಮಧ್ಯದಲ್ಲಿ ಹಿಮ್ಮಡಿ ಮೇಲಿನ ನರ ಹಿಡ್ಕೊಂಡು ಮೆಷಿನ್ ಪೆಡಲ್ ತುಳಿಯೋಕೇ ಆಗ್ತಿರ್ಲಿಲ್ಲ, ವಯಸ್ಸಾಯ್ತು ಅಂತ ನೋವಿನ ಎಣ್ಣೆ ತಿಕ್ಕೊಂಡೆ. ನಾನು ನುಂಗ್ತಿದ್ದಂಥ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಜಾತಿ ಆಂಟಿಬಯೋಟಿಕ್ ಮಾತ್ರೆಗೆ ಆ ನರ ಊದೋದು, ಕೆಲವರಿಗೆ ಕಿತ್ತೇ ಹೋಗೋದು ಉಂಟಂತೆ, ಅದು ನಂಗೆ ಗೊತ್ತಾಗಿದ್ದು ಎಷ್ಟೋ ಕಾಲ ಆದ್ಮೇಲೆ.

ವರಮಹಾಲಕ್ಷ್ಮಿ ಸೀಸನ್ನು, ಎದುರಿಗೆ ನಲವತ್ತು ಬ್ಲೌಸ್ ರಾಶಿ, ಒಂದಕ್ಕೆ ಬಂದ್ರೂ ಇದೊಂದು ತೋಳು ಹಚ್ಚಿ ಹೋಗೋಣ ಅಂತ ತಡ್ಕೊಂಡು ಕೂರ್ತಿದ್ದೆ. ಒಂದು ಸಂಜೆ ಉರಿ ಜೊತೆ ಚಳಿ ಬಂತು, ಎರಡು ಕಂಬಳಿ ಹೊದ್ರೂ ಮಂಚ ಅಲ್ಲಾಡೋ ಹಂಗೆ ನಡುಕ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂದ್ಗಡೆ ಯಾರೋ ಗುದ್ದಿದಂಗೆ ನೋವು, ವಾಂತಿ. ರಾತ್ರೋರಾತ್ರಿ ಕಾರ್ ಮಾಡಿ ಹೊಸಕೋಟೆ ಮೇಲೆ ಬೆಂಗಳೂರಿಗೆ ಕರ್ಕೊಂಡು ಹೋದ್ರು. ಇನ್ಫೆಕ್ಷನ್ ಕಿಡ್ನಿಗೆ ಏರಿತ್ತು. ಆರು ದಿನ ಅಡ್ಮಿಟ್. ಕಲ್ಚರ್ ರಿಪೋರ್ಟ್ ಬಂದಾಗ ಡಾಕ್ಟ್ರು ನಂಗೇ ತೋರಿಸಿದ್ರು: ಇ ಕೋಲೈ ಅನ್ನೋ ಬ್ಯಾಕ್ಟೀರಿಯಾ, ಕೆಳಗೆ ಔಷಧಿಗಳ ಪಟ್ಟಿ, ಕೆಲಸ ಮಾಡೋದಕ್ಕೆ ಎಸ್, ಮಾಡದೇ ಇರೋದಕ್ಕೆ ಆರ್. ಮೇಲಿಂದ ಕೆಳಗೆ ಆರ್ ಆರ್ ಆರ್ ಅಂತ ಗುಂಡಿ ಹೊಲಿದಂಗೆ ಸಾಲು. ನಾನು ನುಂಗ್ತಿದ್ದ ಮಾತ್ರೆ ಜಾತಿನೂ ಅದ್ರಲ್ಲೇ. ಬಾಯಲ್ಲಿ ನುಂಗೋದು ಯಾವ್ದೂ ಉಳಿದಿಲ್ಲ ಅಂತ ಡ್ರಿಪ್ಪಲ್ಲಿ ದೊಡ್ ಇಂಜೆಕ್ಷನ್ ಕೊಟ್ರು. ಬಿಲ್ಲಿಗೆ ಎರಡು ಸೀಸನ್ನಿನ ದುಡಿಮೆ ಹೋಯ್ತು.

ಅಲ್ಲಿ ಒಬ್ರು ಲೇಡಿ ಡಾಕ್ಟ್ರು ಕೂತು ವಿವರಿಸಿದ್ರು. ಮುಟ್ಟು ನಿಂತಮೇಲೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಇಳಿದುಹೋಗುತ್ತೆ, ಆಗ ಯೋನಿ ಒಳಗಿನ ಪದರ, ಮೂತ್ರದ ದಾರಿ ಪದರ ಎರಡೂ ತೆಳ್ಳಗಾಗುತ್ತೆ, ಒಣಗುತ್ತೆ. ಒಗೆದು ಒಗೆದು ನವೆದಿರೋ ಮಲ್ ಬಟ್ಟೆ ಥರ ಅಂತ ನಾನು ಅರ್ಥ ಮಾಡ್ಕೊಂಡೆ. ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ಅಂತ ಒಳ್ಳೆ ಬ್ಯಾಕ್ಟೀರಿಯಾ ಇದ್ದು ಜಾಗನ ಹುಳಿಯಾಗಿ ಇಟ್ಟಿರುತ್ತಂತೆ, ಈಸ್ಟ್ರೋಜನ್ ಹೋದ್ರೆ ಅವೂ ಹೋಗ್ತವೆ, ಹುಳಿನೂ ಹೋಗುತ್ತೆ, ಕರುಳಿನ ಕಡೆಯ ಇ ಕೋಲೈ ಬಂದು ಕೂರುತ್ತೆ, ಹೆಂಗಸರಿಗೆ ಮೂತ್ರನಾಳ ಇರೋದೇ ನಾಲ್ಕು ಸೆಂಟಿಮೀಟರ್, ಒಂದೂವರೆ ಇಂಚು, ಹತ್ತೋಕೆ ಎಷ್ಟೊತ್ತು. ಆರು ತಿಂಗಳಲ್ಲಿ ಎರಡು ಸಲ ಇಲ್ಲಾ ವರ್ಷಕ್ಕೆ ಮೂರು ಸಲ ಬಂದ್ರೇನೇ ಪದೇಪದೇ ಬರೋದು ಅಂತ ಲೆಕ್ಕ, ನೀವು ಅದನ್ನ ದಾಟಿ ಎಲ್ಲಿಗೋ ಹೋಗಿದೀರ ಅಂದ್ರು. ಮುಟ್ಟು ನಿಂತಮೇಲೆ ಬ್ಲೀಡಿಂಗ್ ಆಗಿದ್ಯಾ, ಸ್ತನ ಕ್ಯಾನ್ಸರ್ ಆಗಿತ್ತಾ ಅಂತ ಕೇಳಿ, ಸ್ಕ್ಯಾನ್ ನೋಡಿ, ಎಸ್ಟ್ರಿಯಾಲ್ ಅನ್ನೋ ಈಸ್ಟ್ರೋಜನ್ ಕ್ರೀಮ್ ಬರೆದ್ರು. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡೇ ಸಲ, ತಿಂಗಳಾನುಗಟ್ಲೆ.

ಇಲ್ಲಿವರೆಗೂ ಮೆಡಿಕಲ್ ಶಾಪ್ ತಪ್ಪು ಅಂತ ಹೇಳ್ಬೋದು. ಇಲ್ಲಿಂದ ಮುಂದೆ ನಂದೇ.

ಮನೆಗೆ ಬಂದು ಡಬ್ಬಿ ಬಿಚ್ಚಿ ಒಳಗಿನ ಕಾಗದ ಓದಿದೆ. ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್, ಸ್ಟ್ರೋಕು, ರಕ್ತ ಹೆಪ್ಪುಗಟ್ಟೋದು, ಎಲ್ಲ ಅಲ್ಲೇ. ಅಂಗಡಿ ಹುಡುಗಾನೂ ಮೊದ್ಲೇ "ಆಂಟಿ ಇದು ಹಾರ್ಮೋನು, ನೋಡ್ಕೊಳಿ" ಅಂದಿದ್ದ. ಹತ್ತು ಸಲ ಆಂಟಿಬಯೋಟಿಕ್ ಕೊಡೋವಾಗ ಬಾಯಿ ಬಿಡದವನು ಇದಕ್ಕೆ ಮಾತ್ರ ಬುದ್ಧಿ ಹೇಳ್ದ. ಹೆದರಿಕೆಯಲ್ಲೇ ಶುರು ಮಾಡ್ದೆ. ಮೊದಲನೇ ವಾರ ಹಚ್ಚಿದ ಕಡೆ ಚುರುಚುರು ಅಂತು, ನೋಡು ಆಗಲೇ ಶುರುವಾಯ್ತು ಅಂತ ಒಂಬತ್ತನೇ ದಿನಕ್ಕೆ ಟ್ಯೂಬ್ ಬೀರು ಮೇಲೆ ಎಸೆದೆ. ತೆಳ್ಳಗಾಗಿರೋ ಪದರಕ್ಕೆ ಶುರುವಲ್ಲಿ ಸ್ವಲ್ಪ ಉರಿಯೋದು ಮಾಮೂಲಿ, ಆಮೇಲೆ ತಾನೇ ಕಮ್ಮಿ ಆಗುತ್ತೆ, ಜಾಸ್ತಿಯಾದ್ರೆ ಫೋನ್ ಮಾಡಿ ಕೇಳ್ಬೇಕಿತ್ತು.

ಇನ್ನೊಂದು ಹೇಳ್ತೀನಿ ನಗ್ಬೇಡಿ. ಆ ಒಂಬತ್ತು ದಿನಾನೂ ನಾನು ಹಚ್ಚಿದ್ದು ಹೊರಗಡೆ! ಸಿಸ್ಟರು "ರಾತ್ರಿ ಕೆಳಗಡೆ ಹಾಕ್ಕೊಳಿ" ಅಂದ್ರು, ನಾನೂ ತಲೆ ಆಡಿಸ್ದೆ, ಕೆಳಗಡೆ ಅಂದ್ರೆ ಎಲ್ಲಿ ಅಂತ ಅವರೂ ಹೇಳ್ಲಿಲ್ಲ ನಾನೂ ಕೇಳ್ಲಿಲ್ಲ. ಡಬ್ಬೀಲಿ ಸಿರಿಂಜ್ ಥರ ಪ್ಲಾಸ್ಟಿಕ್ ನಳಿಗೆ ಇತ್ತು, ಮಕ್ಕಳಿಗೆ ಸಿರಪ್ ಹಾಕೋದು ಯಾಕೆ ಕೊಟ್ಟಿದಾರೋ ಅಂತ ಮೊಮ್ಮಗನಿಗೆ ಎತ್ತಿಟ್ಟಿದ್ದೆ, ಪುಣ್ಯಕ್ಕೆ ಬಳಸ್ಲಿಲ್ಲ. ಅದ್ರ ಮೇಲೆ ಒಂದು ಉಂಗುರದ ಗುರುತಿದೆ. ಟ್ಯೂಬಿನ ಬಾಯಿಗೆ ತಿರುಗಿಸಿ ಸಿಕ್ಕಿಸಿ, ಕ್ರೀಮ್ ಒತ್ತಿ ಆ ಉಂಗುರದವರೆಗೆ ತುಂಬಿ, ಮಲಗೋ ಮುಂಚೆ ಅಂಗಾತ ಮಲಗಿ ಯೋನಿ ಒಳಗೆ ಹಾಕ್ಬೇಕು, ಆಮೇಲೆ ಬೆಚ್ಚಗಿನ ಸೋಪ್ ನೀರಲ್ಲಿ ತೊಳೆದಿಡ್ಬೇಕು. ಕಾಲಿಂಚು ತಪ್ಪಿದ್ರೆ ಕೆಲಸದ ಹುಡುಗೀರಿಗೆ ಬೈಯೋಳು ನಾನು, ಅಳತೆ ಗುರುತು ಕಣ್ಮುಂದೆ ಇದ್ರೂ ನೋಡ್ಲಿಲ್ಲ.

ಎರಡು ತಿಂಗಳಿಗೆ ಮತ್ತೆ ಉರಿ. ಈ ಸಲ ಬುದ್ಧಿ ಬಂದು ಆ ಕ್ರೀಮೇ ಹಾಕೋಣ ಅಂತ ಹುಡುಕಿದ್ರೆ ಬೀರು ಮೇಲೆ ಬಿಸಿಲಿಗೆ ನೀರುನೀರಾಗಿತ್ತು. ಬೇರೆ ಅಂಗಡಿಗೆ ಹೋಗಿ, ಹೆಸರು ಹೇಳೋಕೆ ನಾಚಿಕೆ, ಗಂಡಸ್ರೆಲ್ಲ ನಿಂತಿದ್ರು, ಮೆಲ್ಲಗೆ "ಲೇಡೀಸ್ ಕೆಳಗಡೆ ಉರಿಗೆ ಕ್ರೀಮು" ಅಂದೆ. ಸ್ಟಾಕ್ ಇಲ್ಲ ಅದೇ ಥರದ್ದು ಇದು ಅಂತ ಒಂದು ಟ್ಯೂಬ್ ಕೊಟ್ರು. ಎರಡೇ ದಿನಕ್ಕೆ ತಣ್ಣಗಾಯ್ತು, ಮೂರು ವಾರ ಹಚ್ಚಿದೆ, ನಿಲ್ಲಿಸಿದ್ರೆ ಮೊದಲಿಗಿಂತ ಜೋರಾಗಿ ಕೆಂಪಗಾಗಿ ಉರಿ, ಸೀರೆ ತಾಗಿದ್ರೂ ಆಗ್ತಿರ್ಲಿಲ್ಲ. ಸೊಸೆ ಟ್ಯೂಬ್ ತಿರುಗಿಸಿ ಓದಿದ್ಳು: ಕ್ಲೋಬೆಟಾಸಾಲ್. ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಎಲ್ಲ ಒಂದ್ರಲ್ಲೇ ಕಲಸಿರೋ ಕಜ್ಜಿ ಮುಲಾಮು. ಸ್ಟೀರಾಯ್ಡ್ ಚರ್ಮನ ಇನ್ನೂ ತೆಳ್ಳಗೆ ಮಾಡುತ್ತೆ. ಮೊದ್ಲೇ ನವೆದ ಬಟ್ಟೆ, ಅದನ್ನ ಇನ್ನೂ ಉಜ್ಜಿದಂಗಾಯ್ತು. ಟ್ಯೂಬ್ ಎಷ್ಟೇ ಅವಸರ ಇರ್ಲಿ ಅಂಗಡಿ ಮುಂದೇನೇ ನಿಂತು ಕಂಪೋಸಿಷನ್ ಓದಿ, ಕನ್ನಡಕ ಮರೆತಿದ್ರೆ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಸೊಸೆನೇ ಕೂರಿಸ್ಕೊಂಡು ಆ ಕಾಗದದ ಭಯ ಬಿಡಿಸಿದ್ಲು. ಆ ಎಚ್ಚರಿಕೆಗಳಲ್ಲಿ ಬಹಳಷ್ಟು 2002ರಲ್ಲಿ ಅಮೆರಿಕದಲ್ಲಿ ಹಾರ್ಮೋನ್ ಮಾತ್ರೆ ನುಂಗ್ತಿದ್ದವರ ದೊಡ್ಡ ಅಧ್ಯಯನ ನಡುವೆ ನಿಲ್ಲಿಸಿದಮೇಲೆ ಬಂದಿದ್ದು, ಕ್ರೀಮಿನ ಸಣ್ಣ ಡೋಸ್ ರಕ್ತಕ್ಕೆ ಹೋಗೋದು ತೀರಾ ಕಮ್ಮಿ, ಆದ್ರೂ ಅದೇ ಕಾಗದ ಇದಕ್ಕೂ ಹಾಕ್ತಿದ್ರು, 2025ರ ನವೆಂಬರಲ್ಲಿ ಅಲ್ಲಿನ ಔಷಧಿ ಇಲಾಖೆ ಎಫ್‌ಡಿಎ, ಚೌಕಟ್ಟು ಹಾಕಿ ಬರೆಯೋ ಆ ದೊಡ್ಡ ಎಚ್ಚರಿಕೆ ತೆಗೆಸ್ತೀವಿ ಅಂತ ಹೇಳಿದೆ. 1993ರಲ್ಲೇ ನನ್ನಂಥ 93 ಹೆಂಗಸರ ಮೇಲೆ ಇದೇ ಎಸ್ಟ್ರಿಯಾಲ್ ಕ್ರೀಮ್ ನೋಡಿದಾರಂತೆ, ಔಷಧಿ ಇಲ್ಲದ ಬರೀ ಕ್ರೀಮ್ ಹಾಕಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಇನ್ಫೆಕ್ಷನ್, ನಿಜವಾದ್ದು ಹಾಕಿದವರಿಗೆ 0.5. ನಾನು ಹೊಟ್ಟೆಗೆ ಹಾರ್ಮೋನ್ ಮಾತ್ರೆ ತಗೊಂಡ್ರೆ ಈ ಪಾಡೇ ಬೇಡ್ವಲ್ಲ ಅಂದೆ, ನುಂಗೋ ಮಾತ್ರೆಯಿಂದ ಈ ಇನ್ಫೆಕ್ಷನ್ ಕಮ್ಮಿ ಆಗಲ್ಲ ಅಂದ್ಲು. ಸ್ತನ ಕ್ಯಾನ್ಸರ್ ಆಗಿರೋರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟ್ರನ್ನ ಕೇಳದೆ ಮುಟ್ಟಬಾರದು, ಮುಟ್ಟು ನಿಂತಮೇಲೆ ಒಂದು ಹನಿ ಬ್ಲೀಡಿಂಗ್ ಕಂಡ್ರೂ ಮೊದ್ಲು ಅದನ್ನ ತೋರಿಸ್ಬೇಕು.

ಮತ್ತೆ ಅದೇ ಡಾಕ್ಟ್ರ ಹತ್ರ ಹೋದೆ, ಬೈಸ್ಕೊಂಡೆ, ಸರಿಯಾಗಿ ಶುರು ಮಾಡ್ದೆ. ಇದು ತಲೆನೋವಿನ ಮಾತ್ರೆ ಅಲ್ಲ, ಪದರ ಮತ್ತೆ ಕಟ್ಕೊಳೋಕೆ ಎರಡು ಮೂರು ತಿಂಗಳು ಬೇಕು, ಬಂದಿರೋ ಇನ್ಫೆಕ್ಷನ್ನನ್ನ ಈ ಕ್ರೀಮ್ ವಾಸಿ ಮಾಡಲ್ಲ, ಬರೋದನ್ನ ಕಮ್ಮಿ ಮಾಡುತ್ತೆ. ಹೋಗೋವಾಗ ಇಲ್ಲಿಂದಾನೇ ಯೂರಿನ್ ಬಾಟ್ಲಲ್ಲಿ ಹಿಡ್ಕೊಂಡು ಟಿಫನ್ ಬ್ಯಾಗಲ್ಲಿಟ್ಟು ಬಸ್ಸಲ್ಲಿ ಮೂರು ಗಂಟೆ ತಗೊಂಡು ಹೋಗಿದ್ದೆ, ರಿಪೋರ್ಟಲ್ಲಿ ಮಿಕ್ಸ್ಡ್ ಗ್ರೋತ್, ಅಂದ್ರೆ ಬೇರೆಬೇರೆ ಬ್ಯಾಕ್ಟೀರಿಯಾ ಕಲಬೆರಕೆ ಅಂತ ಬಂದು ಎಲ್ಲ ದಂಡ. ಮೊದಲ ಧಾರೆ ಬಿಟ್ಟು ನಡುವಿನದು ಹಿಡೀಬೇಕು, ಅದೂ ಲ್ಯಾಬಲ್ಲೇ, ಆಂಟಿಬಯೋಟಿಕ್ ಮುಟ್ಟೋ ಮುಂಚೆ. ಉರಿ ಗಿರಿ ಏನೂ ಇಲ್ದೆ ಬರೀ ರಿಪೋರ್ಟಲ್ಲಿ ಬ್ಯಾಕ್ಟೀರಿಯಾ ಕಂಡ್ರೆ ಮಾತ್ರೆ ಬೇಡ ಅಂತಾನೂ ಹೇಳಿದ್ರು, ಅದೊಂದು ನಂಗೆ ಜೀರ್ಣ ಆಗೋಕೆ ಟೈಮ್ ಹಿಡೀತು. ಆಂಟಿಸೆಪ್ಟಿಕ್ ಲಿಕ್ವಿಡ್ ಹಾಕಿ ತೊಳ್ಕೊಳೋ ಅಭ್ಯಾಸಾನೂ ಬಿಡಿಸಿದ್ರು. ಯಾರೋ ಮೊಸರು ಹಚ್ಚು ಅಂದಿದ್ರು, ಅದೊಂದು ಮಾಡಿರ್ಲಿಲ್ಲ.

ಈಗ ಹದಿನಾಲ್ಕು ತಿಂಗಳಾಯ್ತು. ಒಂದೇ ಸಲ ಬಂದಿದೆ, ಕಲ್ಚರ್ ಮಾಡಿಸಿ ನೈಟ್ರೊಫ್ಯುರಾಂಟಾಯಿನ್ ಅನ್ನೋ ಆಂಟಿಬಯೋಟಿಕ್ ಐದು ದಿನ ತಗೊಂಡೆ, ಹೋಯ್ತು. ಕ್ರೀಮ್ ಹಾಕೋ ಸೋಮವಾರ ಗುರುವಾರ ಕ್ಯಾಲೆಂಡರಲ್ಲಿ ಮಾರ್ಕಿಂಗ್ ಚಾಕಲ್ಲಿ ಗುರುತು ಹಾಕ್ತೀನಿ, ಯಜಮಾನ್ರು ಅದನ್ನ ಯಾವ್ದೋ ವ್ರತ ಅನ್ಕೊಂಡಿದಾರೆ. ಕ್ಯಾನ್ ನೀರಿಂದ್ಲೇ ವಾಸಿಯಾಗಿದ್ದು ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ.

ಆ ಕಸ್ಟಮರಿಗೆ ಇದನ್ನೆಲ್ಲ ಹೇಳ್ದೆ, ನಡುಕ ಜ್ವರ ಪಕ್ಕೆನೋವು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ ಅಂತಾನೂ ಹೇಳ್ದೆ. "ಮದುವೆ ಮುಗೀಲಿ ಅಕ್ಕ, ತೋರಿಸ್ತೀನಿ" ಅಂದ್ರು. ಬ್ಲೌಸ್ ಡೆಲಿವರಿ ಶುಕ್ರವಾರ. ಕಲ್ಚರ್ ರಿಪೋರ್ಟ್ ತರದೆ ಬ್ಲೌಸ್ ಕೊಡಲ್ಲ ಅಂತ ಹೇಳಿ ಕಳಿಸಿದೀನಿ.