450 ರೂಪಾಯಿಯ ಮಳೆ ಮಾಪಕ: ಒಂದು ವರ್ಷ ಬಳಸಿದ ಮೇಲೆ

ಸಕಲೇಶಪುರದ ಒಂದು ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಮಳೆ ಮಾಪಕ ಇದು. ಮೇಲೆ ಅಗಲ ಬಾಯಿ, ಕೆಳಗೆ ಗೆರೆ ಹಾಕಿದ ಕೊಳವೆ, ಅಷ್ಟೇ. ಕಾಫಿ ತೋಟ ಇರುವ ಎಲ್ಲರೂ ಇಂಥದ್ದೊಂದು ಇಟ್ಟುಕೊಳ್ಳಿ.

ಯಾಕೆ ಅಂದರೆ, ಹೋದ ವರ್ಷ ಮಾರ್ಚ್‌ನಲ್ಲಿ ನಾನು ಹಾಸನದಲ್ಲಿದ್ದೆ. ರಾತ್ರಿ ಹೂ ಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಂತು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ಇಂಚು ಅಂದರು, ಇನ್ನೊಬ್ಬರು ನಮ್ಮಲ್ಲೂ ಅಷ್ಟೇ ಅಂದರು, ಮೊಬೈಲಿನ ಹವಾಮಾನ ಆ್ಯಪ್ 22 ಮಿ.ಮೀ. ತೋರಿಸಿತು. ಮೂರು ಕಡೆ ಹೆಚ್ಚುಕಡಿಮೆ ಒಂದೇ ಮಾತು, ಇನ್ನೇನು ಬೇಕು ಅಂತ ರೊಬಸ್ಟಾ ಕಾಫಿ ಬ್ಲಾಕಿಗೆ ಸ್ಪ್ರಿಂಕ್ಲರ್ ನೀರು ಬೇಡ ಅಂದುಬಿಟ್ಟೆ. ವಾಪಸ್ ಬಂದು ತರಗು ಸರಿಸಿ ನೋಡಿದರೆ ಮಣ್ಣು ಒಂದು ಬೆರಳಿನಷ್ಟೂ ನೆನೆದಿರಲಿಲ್ಲ. ಎಂಟು-ಒಂಬತ್ತು ದಿನಕ್ಕೆ ಅರಳಬೇಕಿದ್ದ ಮೊಗ್ಗು ಅರ್ಧಕ್ಕೇ ನಿಂತಿತು. ಆ ಬ್ಲಾಕಿನ ಫಸಲು ಹೋಯಿತು. ಇವತ್ತಿಗೂ ಸಂಕಟ ಆಗುತ್ತದೆ.

ಆಮೇಲೆ ಕೇಳಿದರೆ, ಗುಂಪಿನಲ್ಲಿ ಇಂಚು ಅಂದವರು ಯಾರೂ ಅಳೆದಿರಲಿಲ್ಲ. ಎರಡನೆಯವರು ಮೊದಲನೆಯವರನ್ನು ನೋಡಿ ಹಾಕಿದ್ದು. ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಲೆಕ್ಕ ಹಾಕಿದ ಅಂದಾಜು, ನಮ್ಮ ತೋಟದಲ್ಲಿ ಬಿದ್ದ ನೀರಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಾಪಕದ್ದು ನಿಜವಾಗಿ ಅಳೆದ ಮಳೆ. ಇಡೀ ಹೋಬಳಿಯ ವರ್ಷದ ಮಳೆ ತಿಳಿಯಲು ಅದೇ ಒಳ್ಳೆಯದು. ಆದರೆ ಅದು ನಮ್ಮಿಂದ ನಾಲ್ಕು ಕಿಲೋಮೀಟರ್ ಆಚೆ, ಗುಡ್ಡದ ಹಿಂದೆ ಇದೆ. ನಮ್ಮ ಕಡೆ ಬೇಸಿಗೆ ಮಳೆ ಒಂದು ಗುಡ್ಡಕ್ಕೆ ಹೊಯ್ದರೆ ಪಕ್ಕದ್ದನ್ನು ಬಿಟ್ಟು ಹೋಗುತ್ತದೆ, ಅಲ್ವಾ?

ಮಾಪಕವನ್ನೂ ಸುಮ್ನೆ ನಂಬಲಿಲ್ಲ. ಬಾಯಿಯ ಅಗಲ ಅಳೆದೆ, ಸರಿಯಾಗಿ 10 ಸೆಂ.ಮೀ. ಆ ಬಾಯಿಗೆ 20 ಮಿ.ಮೀ. ಮಳೆ ಅಂದರೆ 157 ಮಿ.ಲೀ. ನೀರು. ಮೆಡಿಕಲ್ ಶಾಪಿನಿಂದ ದೊಡ್ಡ ಸಿರಿಂಜ್ ತಂದು ಅಷ್ಟನ್ನು ಅಳೆದು ಸುರಿದೆ, ನೀರು 20ರ ಗೆರೆಗೇ ಬಂತು. ಆದರೆ ಇನ್ನೊಂದು ಬದಿಯ ಇಂಚಿನ ಗೆರೆ ತಪ್ಪು. ಒಂದು ಇಂಚು 25.4 ಮಿ.ಮೀ. ಎದುರಿಗೆ ಇರಬೇಕು, ಇದರಲ್ಲಿ 28ರ ಹತ್ತಿರ ಇದೆ. ನಾವೆಲ್ಲ ಇಂಚು, ಸೆಂಟ್ಸ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲೇ ಮಾತಾಡುವವರು, ಹಾಗಾಗಿ ಇದು ಸಣ್ಣ ತಪ್ಪಲ್ಲ. ನಾನು ಮಿ.ಮೀ. ಓದಿ ಇಂಚಿಗೆ ಲೆಕ್ಕ ಹಾಕಿಕೊಳ್ಳುತ್ತೇನೆ.

ಕೊಳವೆ ಹಿಡಿಸುವುದು 50 ಮಿ.ಮೀ. ಮಾತ್ರ. ಜುಲೈ ಮಳೆಗೆ ರಾತ್ರಿಯೇ ತುಂಬಿ ಚೆಲ್ಲುತ್ತದೆ. ಬಾಯಿಗೆ ಎಲೆ ಬಿದ್ದರೆ ಕಟ್ಟಿಕೊಳ್ಳುತ್ತದೆ. ಮರದ ಕೆಳಗಂತೂ ಇಡಬೇಡಿ. ಸಿಲ್ವರ್ ಓಕ್ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ ಇರಬೇಕು. ನಾನು ಗದ್ದೆ ಬಯಲಿನಲ್ಲಿ ಕಲ್ಲುಕಂಬ ನೆಟ್ಟು ಕಟ್ಟಿದ್ದೇನೆ.

ಓದುವುದನ್ನು ಕಲಿಸಿದ್ದು ಪಕ್ಕದ ತೋಟದ ಗೌಡರು. ಅವರ ಹಳೇ ನೋಟ್‌ಬುಕ್ ತೋರಿಸಿದರು. ದಿನಾ ಬೆಳಿಗ್ಗೆ ಎಂಟೂವರೆಗೆ ಬರೆದದ್ದು, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ದಿನದ ಲೆಕ್ಕ ಮುಗಿಸುತ್ತಾರೆ. ಮಳೆ ಇಲ್ಲದ ದಿನವೂ ಸೊನ್ನೆ ಹಾಕಿದ್ದಾರೆ. ಆ ಸೊನ್ನೆಗಳನ್ನು ನೋಡಿಯೇ ನನಗೆ ಅವರ ಅಂಕಿಗಳ ಮೇಲೆ ಭರವಸೆ ಬಂತು. ಜೋರು ಮಳೆ ಬಂದಾಗ ಮಾತ್ರ ನೆನಪಾಗಿ ಬರೆದ ಪುಸ್ತಕ ಅದಲ್ಲ.

ಈ ಮಾರ್ಚ್‌ನಲ್ಲೂ ಗುಂಪಿನಲ್ಲಿ ಒಂದು ಇಂಚು ಅಂತ ಬಂತು. ನನ್ನ ಕೊಳವೆಯಲ್ಲಿ 9 ಮಿ.ಮೀ., ಗೌಡರಲ್ಲಿ 11. ಅವತ್ತೇ ಸ್ಪ್ರಿಂಕ್ಲರ್ ಹಾಕಿಸಿದೆ.